ಅನಿಮೇಷನ್ ಕೋರ್ಸಿಗೆ ಲಕ್ಷ ಕಟ್ಟೋ ಮೊದಲು ಒಂದು ತೆಂಗಿನಕಾಯಿ ಬೀಳಿಸಿ ನೋಡಿ

ತಿಪಟೂರು: ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ಮಾರನೇ ದಿನ. ಸುದ್ದಿ ಹುಡುಕಿಕೊಂಡು ಬಸ್ ಸ್ಟ್ಯಾಂಡ್ ಕಡೆ ಹೊರಟಿದ್ದೆ. ಪರಿಚಯದ ಕಿರಾಣಿ ಅಂಗಡಿ ಅಣ್ಣ ಕೂಗಿ ಕರೆದು ಸ್ಟೂಲ್ ಹಾಕಿದರು. ಅವರ ಕೈಯಲ್ಲಿ ಬಣ್ಣಬಣ್ಣದ ಒಂದು ಪಾಂಪ್ಲೆಟ್ ಇತ್ತು.

"ಇದೇನು ಸ್ವಲ್ಪ ನೋಡಪ್ಪ. ಮಗಳು ಅನಿಮೇಷನ್ ಓದ್ತೀನಿ ಅಂತ ಹಠ ಹಿಡ್ದವ್ಳೆ. ಮೂರು ವರ್ಷಕ್ಕೆ ಐದು ಲಕ್ಷ ಆಗ್ತದಂತೆ. ಬೊಂಬೆ ಬರೆಯೋದ ಕಲಿಯಕ್ಕೆ ಇಷ್ಟು ದುಡ್ಡಾ? ಕೆಲಸ ಸಿಗ್ತದಾ?"

ನನ್ನನ್ನೇ ಕರೆದು ಕೇಳಿದ್ದಕ್ಕೆ ಕಾರಣ ಇದೆ. ಬಿಕಾಂ ಎರಡನೇ ವರ್ಷಕ್ಕೆ ಬಿಟ್ಟು, ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಒಂದು ವರ್ಷದ ಅನಿಮೇಷನ್ ಡಿಪ್ಲೊಮಾ ಮಾಡಿದವನು ನಾನು. ಅದಕ್ಕೆ ಅಪ್ಪ ಕೊಬ್ಬರಿ ಮಾರಿದ ದುಡ್ಡು ಕಟ್ಟಿದ್ದರು. ಇವತ್ತು ನಾನು ಅನಿಮೇಟರ್ ಅಲ್ಲ, ನಿಮ್ಮೂರಿನ ಸುದ್ದಿ ಬರೆಯುವ ಸ್ಟ್ರಿಂಗರ್. ಹಾಗಾಗಿ ಈ ವಿಷಯದಲ್ಲಿ ಏನು ಮಾಡಬೇಕು ಅನ್ನೋದಕ್ಕಿಂತ ಏನು ಮಾಡಬಾರದು ಅನ್ನೋದು ನನಗೆ ಚೆನ್ನಾಗಿ ಗೊತ್ತು.

ಅಣ್ಣನಿಗೆ ಅಂಗಡಿಯಲ್ಲಿ ಕೂತು ಹೇಳಿದ್ದನ್ನು, ಆಮೇಲೆ ವಿಚಾರಿಸಿ ತಿಳಿದದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ಚಿತ್ರ ಬರೆಯುವ, ಗೇಮ್ ಆಡುವ, ಮೊಬೈಲ್‌ನಲ್ಲಿ ವಿಡಿಯೋ ಎಡಿಟ್ ಮಾಡುವ ಮಕ್ಕಳಿದ್ದರೆ ಪೂರ್ತಿ ಓದಿ.

ಬರೀ ಕಾರ್ಟೂನ್ ಅಲ್ಲ

ಅನಿಮೇಷನ್ ಅಂದ ಕೂಡಲೇ ನಮಗೆ ನೆನಪಾಗೋದು ಛೋಟಾ ಭೀಮ್. 2008ರಲ್ಲಿ ಶುರುವಾದ ಅದನ್ನು ಮಾಡುವುದು ಪಕ್ಕದ ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆ. ಆದರೆ ಈ ಉದ್ಯಮ ಅಷ್ಟಕ್ಕೇ ನಿಲ್ಲುವುದಿಲ್ಲ. ಸಿನಿಮಾದಲ್ಲಿ ಹುಲಿ ಹಾರುವುದು, ಸೇತುವೆ ಕುಸಿಯುವುದು, ಮೊಬೈಲ್ ಗೇಮ್, ಟಿವಿ ಜಾಹೀರಾತು, ಲೇಔಟ್ ಮಾರುವವರು ತೋರಿಸುವ ಮನೆಯ ವಿಡಿಯೋ, ಆಸ್ಪತ್ರೆಯಲ್ಲಿ ಆಪರೇಷನ್ ಹೇಗೆ ಮಾಡ್ತಾರೆ ಅಂತ ವಿವರಿಸುವ ಚಿತ್ರ, ಮಕ್ಕಳ ಪಾಠದ ಆ್ಯಪ್, ಎಲ್ಲದರ ಹಿಂದೆಯೂ ಇದೇ ವಿದ್ಯೆ ಇದೆ.

ಸರ್ಕಾರಿ ಕಾಗದದಲ್ಲಿ ಇದಕ್ಕೆ ಎವಿಜಿಸಿ ಅಂತಾರೆ. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ನಾಲ್ಕೂ ಸೇರಿದ ಹೆಸರು ಅದು. ದೇಶದಲ್ಲಿ ಈ ಉದ್ಯಮಕ್ಕಾಗಿಯೇ ಮೊದಲು ನೀತಿ ಮಾಡಿದ ರಾಜ್ಯ ಕರ್ನಾಟಕ, ಅದು 2012ರಲ್ಲಿ. ಈಗ ನಡೆಯುತ್ತಿರುವುದು 2024-29ರ ನೀತಿ. ಬೆಂಗಳೂರಿನಲ್ಲಿ ಸರ್ಕಾರ ಮತ್ತು ಉದ್ಯಮದವರು ಸೇರಿ ಇದಕ್ಕೊಂದು ಉತ್ಕೃಷ್ಟತಾ ಕೇಂದ್ರವನ್ನೂ ಮಾಡಿದ್ದಾರೆ.

ನಮ್ಮ ಕಥೆಗಳೂ ಇದರಲ್ಲಿ ಬಂದಿವೆ. ಗೋವಿನ ಹಾಡಿನ ಪುಣ್ಯಕೋಟಿ ಕಥೆಯನ್ನು ಬೆಂಗಳೂರಿನ ರವಿಶಂಕರ್ ಜನರಿಂದಲೇ ಹಣ ಸೇರಿಸಿ ಸಂಸ್ಕೃತದಲ್ಲಿ ಅನಿಮೇಷನ್ ಸಿನಿಮಾ ಮಾಡಿದರು. ಅದು 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಕಳೆದ 2025ರ ಜುಲೈನಲ್ಲಿ 'ಮಹಾವತಾರ ನರಸಿಂಹ' ಬಂದಾಗ ಥಿಯೇಟರ್ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋದವರ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ನಿರ್ದೇಶಕರು ಅಶ್ವಿನ್ ಕುಮಾರ್, ಅರ್ಪಿಸಿದ್ದು ಕೆಜಿಎಫ್ ತೆಗೆದ ನಮ್ಮ ಹೊಂಬಾಳೆ ಸಂಸ್ಥೆ. ಅನಿಮೇಷನ್ ಅಂದ್ರೆ ಮಕ್ಕಳಿಗೆ ಅನ್ನೋ ಮಾತು ಆ ಸಿನಿಮಾದಿಂದ ಸ್ವಲ್ಪ ಸುಳ್ಳಾಯ್ತು.

ಹಾಗಾಗಿ "ಇದರಲ್ಲಿ ಕೆಲಸ ಇದೆಯಾ?" ಅಂದ್ರೆ ಇದೆ. "ಯಾರಿಗೆ ಸಿಗುತ್ತೆ?" ಅನ್ನೋದೇ ನಿಜವಾದ ಪ್ರಶ್ನೆ.

ಟೈಲರ್ ಅಂಗಡಿ ಲೆಕ್ಕ

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಒಂದೊಂದನ್ನೂ ಫ್ರೇಮ್ ಅಂತಾರೆ. ಕೈಯಲ್ಲಿ ಬರೆಯುವವರು ಒಂದು ಚಿತ್ರವನ್ನು ಎರಡು ಫ್ರೇಮ್ ಹೊತ್ತು ಇಟ್ಟು, 12 ಚಿತ್ರದಲ್ಲೇ ಒಂದು ಸೆಕೆಂಡ್ ದಾಟಿಸುವುದೂ ಉಂಟು. ಆಗಲೂ ಒಂದು ನಿಮಿಷಕ್ಕೆ 720 ಚಿತ್ರ ಬೇಕು.

ಇಷ್ಟನ್ನು ಒಬ್ಬರೇ ಮಾಡೋಕೆ ಆಗಲ್ಲ. ನಮ್ಮೂರ ದೊಡ್ಡ ಟೈಲರ್ ಅಂಗಡಿಯಲ್ಲಿ ಒಬ್ಬರು ಅಳತೆ ತಗೊಂಡು ಕಟಿಂಗ್ ಮಾಡ್ತಾರೆ, ಇನ್ನೊಬ್ಬರು ಹೊಲೀತಾರೆ, ಕಾಜಾ ಗುಂಡಿಗೆ ಬೇರೆಯವರು, ಇಸ್ತ್ರಿಗೆ ಮತ್ತೊಬ್ಬರು. ಸ್ಟುಡಿಯೋ ಕೂಡ ಹಾಗೇ. ಒಬ್ಬರು ಕಥೆಯನ್ನು ಚಿತ್ರದ ಚೌಕಗಳಲ್ಲಿ ಬರೆದು ಕೊಡ್ತಾರೆ, ಅದು ಸ್ಟೋರಿಬೋರ್ಡ್. ಪಾತ್ರದ ಮೈಯನ್ನು ಕಂಪ್ಯೂಟರಿನಲ್ಲಿ ಕಟ್ಟುವವರು ಮಾಡೆಲರ್. ಆ ಮೈಗೆ ಚರ್ಮ, ಬಟ್ಟೆ, ಬಣ್ಣ ಕೊಡೋದು ಟೆಕ್ಸ್ಚರಿಂಗ್. ಒಳಗೆ ಮೂಳೆ, ಕೀಲು ಕೂರಿಸುವುದು ರಿಗ್ಗಿಂಗ್. ತೊಗಲುಗೊಂಬೆಗೆ ಕಡ್ಡಿ ಕಟ್ಟಿ ಕೈಕಾಲು ಆಡುವ ಹಾಗೆ ಮಾಡ್ತಾರಲ್ಲ, ಅದೇ ಕೆಲಸ ಇದು. ಆ ಗೊಂಬೆಯನ್ನು ನಡೆಸಿ, ನಗಿಸಿ, ಅಳಿಸುವವರು ಅನಿಮೇಟರ್. ಆಮೇಲೆ ಲೈಟಿಂಗ್. ಕೊನೆಗೆ ಎಲ್ಲವನ್ನೂ ಒಂದರ ಮೇಲೊಂದು ಕೂರಿಸಿ ಒಂದೇ ಚಿತ್ರದ ಹಾಗೆ ಕಾಣಿಸೋದು ಕಂಪೋಸಿಟಿಂಗ್.

ತೊಗಲುಗೊಂಬೆ ಅಂತ ಸುಮ್ಮನೆ ಹೇಳಿದ್ದಲ್ಲ. 1926ರಲ್ಲಿ ಜರ್ಮನಿಯ ಲೊಟ್ಟೆ ರೈನಿಗರ್ ಅನ್ನೋ ಹೆಣ್ಣುಮಗಳು ಕತ್ತರಿಯಲ್ಲಿ ಕತ್ತರಿಸಿದ ಗೊಂಬೆಗಳ ನೆರಳಿನಿಂದಲೇ ಪೂರ್ತಿ ಉದ್ದದ ಅನಿಮೇಷನ್ ಸಿನಿಮಾ ಮಾಡಿದ್ದರು. ನಮ್ಮ ಹಳ್ಳಿಗಳ ಪರದೆಯ ಹಿಂದೆ ನಡೆಯುತ್ತಿದ್ದುದು ಇದಕ್ಕೆ ದೂರದ ವಿದ್ಯೆ ಏನಲ್ಲ.

ಇಲ್ಲಿ ಒಂದು ಮಾತು ನೆನಪಿಡಿ. ಹೊಸಬರಿಗೆ ಮೊದಲು ಸಿಗುವುದು ಹೆಚ್ಚಾಗಿ ಕಾಜಾ ಗುಂಡಿ ಕೆಲಸವೇ. ವಿಎಫ್‌ಎಕ್ಸ್‌ನಲ್ಲಿ ಅದರ ಹೆಸರು ರೋಟೊ. ಹೀರೋನ ಹಿಂದಿರುವ ಬೀದಿ ತೆಗೆದು ಅರಮನೆ ಕೂರಿಸಬೇಕಾದರೆ, ಮೊದಲು ಹೀರೋನ ಅಂಚನ್ನು ಒಂದೊಂದು ಫ್ರೇಮ್‌ನಲ್ಲೂ ಬಿಡಿಸಬೇಕು. ಐದು ಸೆಕೆಂಡಿನ ದೃಶ್ಯ ಅಂದ್ರೆ 120 ಫ್ರೇಮ್. ಕೂದಲೂ ಬಿಡುವಂತಿಲ್ಲ. ನನ್ನ ಜೊತೆ ಡಿಪ್ಲೊಮಾ ಮಾಡಿದ ಗೆಳೆಯನೊಬ್ಬ ಇದೇ ಕೆಲಸಕ್ಕೆ ತಿಂಗಳಿಗೆ 14 ಸಾವಿರಕ್ಕೆ ಸೇರಿದ. ಪಿಜಿ ಬಾಡಿಗೆ, ಊಟ, ಬಸ್ ಪಾಸ್ ಕಳೆದು ಉಳಿದದ್ದೆಷ್ಟು ಅಂತ ನೀವೇ ಲೆಕ್ಕ ಹಾಕಿ.

ನಾನು ಫೇಲ್ ಆದ ಪರೀಕ್ಷೆ

ಡಿಪ್ಲೊಮಾ ಮುಗಿಸಿ ಒಂದು ಸ್ಟುಡಿಯೋಗೆ ಇಂಟರ್‌ವ್ಯೂಗೆ ಹೋದೆ. ಸರ್ಟಿಫಿಕೇಟ್ ಯಾರೂ ಕೇಳಲಿಲ್ಲ. ಕಂಪ್ಯೂಟರ್ ಮುಂದೆ ಕೂರಿಸಿ, "ಒಂದು ಕಲ್ಲಿನ ಗುಂಡು ಮೇಲಿಂದ ಬೀಳೋದನ್ನ ಮಾಡಿ, ಅರ್ಧ ಗಂಟೆ" ಅಂದರು. ಇಷ್ಟೇನಾ ಅಂದುಕೊಂಡೆ. ಮೇಲೆ ಒಂದು ಕಡೆ ಗುಂಡು ಇಟ್ಟೆ, ಕೆಳಗೆ ಒಂದು ಕಡೆ ಇಟ್ಟೆ, ಮಧ್ಯದ್ದನ್ನು ಸಾಫ್ಟ್‌ವೇರ್ ತುಂಬಿತು.

ನೋಡಿದವರು ಒಂದೇ ಮಾತು ಕೇಳಿದರು. "ಇದು ಬೀಳ್ತಾ ಇದೆಯಾ, ಲಿಫ್ಟ್‌ನಲ್ಲಿ ಇಳೀತಾ ಇದೆಯಾ?"

ನಾನು ಕಲಿತಿದ್ದು ಯಾವ ಬಟನ್ ಎಲ್ಲಿದೆ ಅನ್ನೋದು. ವಸ್ತು ಹೇಗೆ ಬೀಳುತ್ತೆ ಅಂತ ಒಂದು ವರ್ಷದಲ್ಲಿ ಯಾರೂ ಹೇಳಿಕೊಡಲಿಲ್ಲ, ನಾನೂ ಕಣ್ಣುಬಿಟ್ಟು ನೋಡಲಿಲ್ಲ. ತೆಂಗಿನ ತೋಟದಲ್ಲಿ ಹುಟ್ಟಿ ಬೆಳೆದವನು ನಾನು!

ಲೆಕ್ಕ ಹೀಗಿದೆ. 36 ಅಡಿ ಎತ್ತರದಿಂದ ತೆಂಗಿನಕಾಯಿ ಬಿದ್ದರೆ ನೆಲ ಮುಟ್ಟೋಕೆ ಸುಮಾರು ಒಂದೂವರೆ ಸೆಕೆಂಡ್, ಅಂದರೆ 36 ಫ್ರೇಮ್ ಬೇಕು. ನಾನು ಮಾಡಿದ್ದು ಫ್ರೇಮಿಗೆ ಒಂದು ಅಡಿ ಇಳಿಸಿದ ಹಾಗೆ. ನಿಜವಾಗಿ ನಡೆಯೋದು ಬೇರೆ. ಮೊದಲ 12 ಫ್ರೇಮ್‌ನಲ್ಲಿ ಕಾಯಿ ಇಳಿಯೋದು ಬರೀ 4 ಅಡಿ. ಮುಂದಿನ 12 ಫ್ರೇಮ್‌ನಲ್ಲಿ 12 ಅಡಿ. ಕೊನೆಯ 12ರಲ್ಲಿ 20 ಅಡಿ. ಮೊದಲು ತಡೆದು, ಆಮೇಲೆ ಓಡುತ್ತೆ. ಈ ವ್ಯತ್ಯಾಸವನ್ನೇ ನಮ್ಮ ಕಣ್ಣು "ಭಾರ" ಅಂತ ಓದಿಕೊಳ್ಳೋದು. ಒಣಗಿದ ಗರಿ ಬೀಳೋದು ನೋಡಿ, ಅದು ಓಲಾಡ್ತಾ ಬರುತ್ತೆ. ಕಾಯಿಗೂ ಗರಿಗೂ ಇರುವ ಫರಕನ್ನು ಬಣ್ಣ ಬಳಿಯದೆ, ಬರೀ ಚಲನೆಯಲ್ಲಿ ತೋರಿಸೋದೇ ಅನಿಮೇಷನ್.

ಡಿಸ್ನಿ ಸ್ಟುಡಿಯೋದಲ್ಲಿ ಜೀವನಪೂರ್ತಿ ಕೆಲಸ ಮಾಡಿದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಒಂದು ಪುಸ್ತಕದಲ್ಲಿ ಇಂಥ 12 ಸೂತ್ರಗಳನ್ನು ಬರೆದಿಟ್ಟರು. ಉದಾಹರಣೆಗೆ, ಮೂಟೆ ಎತ್ತುವ ಹಮಾಲಿ ಎತ್ತುವ ಮುಂಚೆ ಮೊಣಕಾಲು ಬಗ್ಗಿಸಿ ಒಂದು ಕ್ಷಣ ಕೆಳಗೆ ಹೋಗ್ತಾರೆ. ಅದು ಪೂರ್ವಸಿದ್ಧತೆಯ ಸೂತ್ರ. ಓಡ್ತಿದ್ದವಳು ನಿಂತ ಮೇಲೂ ಜಡೆ ಮುಂದಕ್ಕೆ ಬಂದು ಹಿಂದೆ ಹೋಗುತ್ತೆ. ಅದು ಇನ್ನೊಂದು ಸೂತ್ರ. ಸಾಫ್ಟ್‌ವೇರ್ ನಾಲ್ಕೈದು ವರ್ಷಕ್ಕೆ ಬದಲಾಗಬಹುದು, ಆದರೆ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಎತ್ತುವ ರೀತಿ ಬದಲಾಗಲ್ಲ. ಇವತ್ತಿಗೂ ಒಳ್ಳೆಯ ಕಾಲೇಜುಗಳು ಮೊದಲ ವರ್ಷ ಇದನ್ನೇ ಕಲಿಸೋದು.

ಡಿಗ್ರಿ ಏನು ಕೊಡುತ್ತೆ, ಏನು ಕೊಡಲ್ಲ

ಹಾಗಾದರೆ ಡಿಗ್ರಿ ಬೇಡವಾ? ಹಾಗಲ್ಲ. ಡಿಗ್ರಿ ಅರ್ಧಕ್ಕೆ ಬಿಟ್ಟವನೇ ಹೇಳ್ತಿದ್ದೀನಿ, ಕೇಳಿ.

ಒಳ್ಳೆಯ ವಿಶ್ವವಿದ್ಯಾಲಯ ಮೂರ್ನಾಲ್ಕು ವರ್ಷದ ಸಮಯ ಕೊಡುತ್ತೆ. ಮನುಷ್ಯರನ್ನು ಕೂರಿಸಿಕೊಂಡು ಚಿತ್ರ ಬರೆಸುತ್ತೆ. ನಿಮ್ಮ ಕೆಲಸ ನೋಡಿ "ಇದು ಸರಿಯಿಲ್ಲ, ಮತ್ತೆ ಮಾಡು" ಅನ್ನುವ ಮೇಷ್ಟ್ರು ಸಿಗ್ತಾರೆ. ಜೊತೆಗೆ ಕಲಿಯುವವರೇ ನಾಳೆ ಕೆಲಸದ ಸುದ್ದಿ ಹೇಳೋರು. ಎಂ.ಎ., ಎಂ.ಡಿಸೈನ್ ಮಾಡೋಕೆ, ಕಾಲೇಜಿನಲ್ಲಿ ಪಾಠ ಮಾಡೋಕೆ, ಹೊರದೇಶದ ಕೆಲಸದ ವೀಸಾಗೆ ಡಿಗ್ರಿ ಬೇಕಾಗುತ್ತೆ. ಈ ಉದ್ಯಮ ಆಗಲಿಲ್ಲ ಅಂದರೂ ಡಿಗ್ರಿ ಕೇಳುವ ಬೇರೆ ಪರೀಕ್ಷೆ ಬರೆಯಬಹುದು.

ಡಿಗ್ರಿ ಕೊಡದೇ ಇರೋದು ಕೆಲಸ. ಸ್ಟುಡಿಯೋದವರು ನೋಡೋದು ಶೋರೀಲ್. ನೀವೇ ಮಾಡಿದ ಕೆಲಸದಲ್ಲಿ ಒಳ್ಳೆಯದನ್ನು ಆರಿಸಿ ಜೋಡಿಸಿದ ಒಂದೆರಡು ನಿಮಿಷದ ವಿಡಿಯೋ ಅದು. ಅಂಗಡಿಯವರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ಡಿಗ್ರಿ ಅಂಗಡಿ ಬೋರ್ಡ್, ಶೋರೀಲ್ ಒಳಗಿರುವ ಮಾಲು.

ದಾರಿಗಳು ಇಷ್ಟಿವೆ:

ಮೊದಲನೆಯದು ದೊಡ್ಡ ಪ್ರವೇಶ ಪರೀಕ್ಷೆಗಳು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿಯಲ್ಲಿ ಅನಿಮೇಷನ್ ಫಿಲ್ಮ್ ಡಿಸೈನ್ ಅಂತ ನಾಲ್ಕು ವರ್ಷದ ಪದವಿ ಇದೆ. ಐಐಟಿಗಳ ಬಿ.ಡಿಸೈನ್‌ಗೆ ಐಐಟಿ ಬಾಂಬೆ ಯುಸೀಡ್ ಅನ್ನೋ ಪರೀಕ್ಷೆ ನಡೆಸುತ್ತೆ. ಎರಡಕ್ಕೂ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದು ಓದಿದವರೂ ಬರೆಯಬಹುದು. ಐಐಟಿ ಅಂದ್ರೆ ಗಣಿತದವರಿಗೆ ಮಾತ್ರ ಅಂತ ನಮ್ಮೂರಲ್ಲಿ ಎಷ್ಟು ಜನ ತಿಳ್ಕೊಂಡಿದ್ದಾರೆ! ಯುಸೀಡ್‌ನಲ್ಲಿ ಕೈಯಲ್ಲಿ ಚಿತ್ರ ಬರೆಯುವ ಭಾಗವೇ ಇದೆ. ಆದರೆ ಈ ಪರೀಕ್ಷೆ ನಡೆಯೋದು ಜನವರಿಯಲ್ಲಿ, ಅರ್ಜಿ ಹಾಕೋದು ಅದಕ್ಕೂ ಕೆಲವು ತಿಂಗಳು ಮುಂಚೆ. ಏಪ್ರಿಲ್‌ನಲ್ಲಿ ರಿಸಲ್ಟ್ ಬಂದ ಮೇಲೆ ವಿಚಾರಿಸಿದರೆ ಬಸ್ ಹೊರಟು ಹೋಗಿರುತ್ತೆ. ಈಗ ಫಸ್ಟ್ ಪಿಯುಸಿ ಮುಗಿಸಿ ಸೆಕೆಂಡ್ ಇಯರ್‌ಗೆ ಹೋಗ್ತಿರುವ ಮಕ್ಕಳ ತಂದೆ ತಾಯಿ ಇದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ಸೀಟು ಕಡಿಮೆ, ಫೀಸೂ ಕಡಿಮೆಯೇನಲ್ಲ, ಆದರೆ ಬ್ಯಾಂಕ್ ಸಾಲ ಸುಲಭವಾಗಿ ಸಿಗುತ್ತೆ.

ಎರಡನೆಯದು ಬಿವಿಎ, ಅಂದರೆ ದೃಶ್ಯಕಲಾ ಪದವಿ. ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು (ಕಾವಾ ಅಂತಾರೆ), ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಹೆಸರುವಾಸಿ. ಇಲ್ಲಿ ಕೈಗೆ ಮೊದಲು ಚಿತ್ರ ಬರುತ್ತೆ. ಸಾಫ್ಟ್‌ವೇರ್ ಪಕ್ಕದಲ್ಲಿ ಕಲಿಯಬಹುದು. ಸರ್ಕಾರಿ ಕಾಲೇಜಿನ ಫೀಸಿಗೂ ಪಾಂಪ್ಲೆಟ್‌ನ ಫೀಸಿಗೂ ಅಜಗಜಾಂತರ. ದುಡ್ಡು ಕಡಿಮೆ ಇದ್ದು, ಕೈ ಚೆನ್ನಾಗಿದ್ದರೆ ನಾನು ಮೊದಲು ಹೇಳೋದು ಇದನ್ನೇ.

ಮೂರನೆಯದು ಖಾಸಗಿ ವಿಶ್ವವಿದ್ಯಾಲಯ, ಕಾಲೇಜುಗಳ ಬಿಎಸ್‌ಸಿ, ಬಿಎ, ಬಿ.ಡಿಸೈನ್ ಅನಿಮೇಷನ್ ಕೋರ್ಸ್‌ಗಳು. ಒಳ್ಳೆಯವೂ ಇವೆ, ಬೋರ್ಡ್ ಮಾತ್ರ ಇರೋವೂ ಇವೆ. ಕೆಳಗೆ ಬರೆದಿರುವ ಪ್ರಶ್ನೆಗಳು ಮುಖ್ಯವಾಗಿ ಇವರಿಗೆ.

ನಾಲ್ಕನೆಯದು ಡಿಪ್ಲೊಮಾ, ಐಟಿಐ. ಐಟಿಐಯಲ್ಲಿ ಮಲ್ಟಿಮೀಡಿಯಾ ಅನಿಮೇಷನ್ ಮತ್ತು ಸ್ಪೆಷಲ್ ಎಫೆಕ್ಟ್ಸ್ ಅನ್ನೋ ಒಂದು ವರ್ಷದ ಟ್ರೇಡ್ ಇದೆ. ಎಲ್ಲಾ ಐಟಿಐಗಳಲ್ಲಿ ಇರಲ್ಲ, ವಿಚಾರಿಸಬೇಕು.

ಪಾಂಪ್ಲೆಟ್‌ನಲ್ಲಿ ಬರೆಯದ ಮಾತು

ಆ ಪಾಂಪ್ಲೆಟ್‌ನಲ್ಲಿ ಹಾಲಿವುಡ್ ಸಿನಿಮಾದ ಪೋಸ್ಟರ್‌ಗಳಿದ್ದವು. ಹಾಲಿವುಡ್ ಕೆಲಸ ಬೆಂಗಳೂರಿಗೆ ಬರೋದು ನಿಜ. 2016ರ 'ದಿ ಜಂಗಲ್ ಬುಕ್' ಸಿನಿಮಾದ ಪ್ರಾಣಿಗಳ ಕೆಲಸದಲ್ಲಿ ಎಂಪಿಸಿ ಕಂಪನಿಯ ಬೆಂಗಳೂರು ಸ್ಟುಡಿಯೋ ಕೂಡ ಇತ್ತು. ಆ ಸಿನಿಮಾಕ್ಕೆ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಬಂತು.

ಅದೇ ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರವರಿಯಲ್ಲಿ ಕುಸಿದು ಬಿತ್ತು. ಪ್ಯಾರಿಸ್‌ನಲ್ಲಿ ದುಡ್ಡು ಮುಗಿದರೆ ಬೆಂಗಳೂರಿನಲ್ಲಿ ಬಾಗಿಲು ಮುಚ್ಚಿತು. ಭಾರತದಲ್ಲಿ ಸುಮಾರು 3,000 ಜನ ಕೆಲಸ ಕಳೆದುಕೊಂಡರು, ಹೆಚ್ಚಿನವರು ಬೆಂಗಳೂರಿನವರೇ. ಅದಕ್ಕೆ ಮುಂಚೆ 2023ರಲ್ಲಿ ಅಮೆರಿಕದಲ್ಲಿ ಸಿನಿಮಾ ಬರಹಗಾರರು, ನಟರು ತಿಂಗಳುಗಟ್ಟಲೆ ಮುಷ್ಕರ ಮಾಡಿದಾಗಲೇ ಇಲ್ಲಿನ ಸ್ಟುಡಿಯೋಗಳಿಗೆ ಕೆಲಸ ಬರೋದು ಕಮ್ಮಿಯಾಗಿತ್ತು. ಕೊಬ್ಬರಿ ರೇಟು ದೆಹಲಿ ಮಾರ್ಕೆಟ್ ನೋಡಿಕೊಂಡು ಏರಿ ಇಳಿಯೋದು ನಮಗೆ ಗೊತ್ತಲ್ಲ, ಇದೂ ಹಾಗೇ. ಕೈ ಇಲ್ಲಿ, ಕೀಲಿ ಬೇರೆ ಕಡೆ.

ಇನ್ನು ಎಐ. ನಾನು ಮೇಲೆ ಹೇಳಿದ ರೋಟೊ ಕೆಲಸದ ದೊಡ್ಡ ಭಾಗವನ್ನು ಈಗ ಸಾಫ್ಟ್‌ವೇರ್ ತಾನೇ ಮಾಡಿಬಿಡುತ್ತೆ, ಮನುಷ್ಯರು ತಿದ್ದಿದರೆ ಸಾಕು ಅನ್ನೋ ಸ್ಥಿತಿ ಬರ್ತಿದೆ. ಅಂದರೆ ಹೊಸಬರು ಹತ್ತುತ್ತಿದ್ದ ಮೊದಲ ಮೆಟ್ಟಿಲೇ ಸವೀತಿದೆ. ಹೆದರಬೇಕಾ? ಬಟನ್ ಒತ್ತೋದನ್ನು ಮಾತ್ರ ಕಲಿತವರು ಹೆದರಬೇಕು. ಲಿಫ್ಟ್‌ನಲ್ಲಿ ಇಳಿದ ಹಾಗಿದೆ ಅಂತ ಗುರುತು ಹಿಡಿದು ಸರಿಪಡಿಸುವ ಕಣ್ಣು ಇದ್ದವರ ಬೆಲೆ ಅಷ್ಟು ಬೇಗ ಇಳಿಯಲ್ಲ. ಯಂತ್ರ ಮಾಡಿದ್ದು ಸರಿಯೋ ತಪ್ಪೋ ಹೇಳೋಕೂ ಆ ಕಣ್ಣೇ ಬೇಕು.

ಸಾಲದ ಲೆಕ್ಕ ಹಾಕಿ

ಉದಾಹರಣೆಗೆ 5 ಲಕ್ಷ ಸಾಲ, ಶೇ. 11 ಬಡ್ಡಿ, 7 ವರ್ಷದ ಅವಧಿ ಅಂದುಕೊಳ್ಳಿ. ತಿಂಗಳ ಕಂತು ಸುಮಾರು 8,560 ರೂ. ಒಟ್ಟು ಕಟ್ಟೋದು 7 ಲಕ್ಷ 19 ಸಾವಿರದಷ್ಟು. ಓದುವ ಅವಧಿಯ ಬಡ್ಡಿ ಬೇರೆ. ನನ್ನ ಗೆಳೆಯನ 14 ಸಾವಿರದಲ್ಲಿ 8,560 ಕಳೆಯಿರಿ.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗಲ್ಲ. ಆದರೆ ಮಾನ್ಯತೆ ಇರುವ ಕೋರ್ಸ್ ಆಗಿರಬೇಕು. ಕೆಲವು ಖಾಸಗಿ ಸಂಸ್ಥೆಗಳು ತಾವೇ ಫೈನಾನ್ಸ್ ಕಂಪನಿಯವರನ್ನು ಕೂರಿಸಿಕೊಂಡಿರ್ತಾರೆ. "ಇಲ್ಲೇ ಸೈನ್ ಮಾಡಿ, ಎಲ್ಲಾ ನಾವು ನೋಡ್ಕೋತೀವಿ" ಅಂತಾರೆ. ಅಲ್ಲಿ ಕಂತು ಮುಂದಿನ ತಿಂಗಳಿಂದಲೇ ಶುರುವಾಗಬಹುದು, ಮಗು ಕೋರ್ಸ್ ಬಿಟ್ಟರೂ ಸಾಲ ಬಿಡಲ್ಲ. ನಮ್ಮಪ್ಪ ಸೈನ್ ಮಾಡಿದ್ದು ಇಂಥದ್ದಕ್ಕೇ. ನಾನು ಊರಿಗೆ ವಾಪಸ್ ಬಂದ ಮೇಲೂ ಹತ್ತು ತಿಂಗಳು ಕಂತು ಕಟ್ಟಿದರು. ಒಂದು ದಿನವೂ ಬಾಯಿಬಿಟ್ಟು ಬೈಯಲಿಲ್ಲ, ಅದೇ ಜಾಸ್ತಿ ಸಂಕಟ.

ಅಡ್ಮಿಷನ್‌ಗೆ ಮುಂಚೆ ಕೇಳಬೇಕಾದ 7 ಪ್ರಶ್ನೆ

1. ಡಿಗ್ರಿ ಕೊಡೋದು ಯಾವ ವಿಶ್ವವಿದ್ಯಾಲಯ? ಯುಜಿಸಿ ವೆಬ್‌ಸೈಟಿನ ಪಟ್ಟಿಯಲ್ಲಿ ಹೆಸರು ಇದೆಯಾ? ದೂರದ ಯಾವುದೋ ರಾಜ್ಯದ ವಿವಿ ಹೆಸರು ಹೇಳಿ ಇಲ್ಲಿ ಬಾಡಿಗೆ ಕಟ್ಟಡದಲ್ಲಿ ಪಾಠ ಮಾಡಿದರೆ ಎಚ್ಚರ. ಫ್ರಾಂಚೈಸಿ ಕೊಟ್ಟು ಡಿಗ್ರಿ ನಡೆಸೋಕೆ ಯುಜಿಸಿ ಒಪ್ಪಲ್ಲ.

2. ಹೋದ ವರ್ಷ ಮುಗಿಸಿದವರ ಶೋರೀಲ್ ತೋರಿಸಿ. ಒಂದು ಸಾಲದು, ಐದು ಬೇಕು. ಫಸ್ಟ್ ರ‍್ಯಾಂಕ್‌ನವರದ್ದು ಮಾತ್ರ ತೋರಿಸಿದರೆ ಒಪ್ಪಬೇಡಿ.

3. ಪಾಠ ಮಾಡುವವರು ಯಾರು? ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದಾರಾ? ನಮ್ಮ ಕ್ಲಾಸಿಗೆ ಒಂದು ವರ್ಷದಲ್ಲಿ ಮೂವರು ಸರ್ ಬದಲಾದರು. ಅದರಲ್ಲಿ ಒಬ್ಬರು ನಮಗಿಂತ ಒಂದೇ ಬ್ಯಾಚ್ ಸೀನಿಯರ್.

4. ಮೊದಲ ವರ್ಷ ವಾರಕ್ಕೆ ಎಷ್ಟು ಗಂಟೆ ಕೈಯಲ್ಲಿ ಚಿತ್ರ ಬರೆಸ್ತೀರಿ? "ನಮ್ಮಲ್ಲಿ ಡೈರೆಕ್ಟ್ ಸಾಫ್ಟ್‌ವೇರ್" ಅಂತ ಹೆಮ್ಮೆಯಿಂದ ಹೇಳಿದರೆ ಎದ್ದು ಬನ್ನಿ.

5. ಎಷ್ಟು ಮಕ್ಕಳಿಗೆ ಎಷ್ಟು ಕಂಪ್ಯೂಟರ್? ಕ್ಲಾಸ್ ಮುಗಿದ ಮೇಲೆ ಲ್ಯಾಬ್ ತೆರೆದಿರುತ್ತಾ?

6. "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅಂದರೆ ಏನು? ಯಾವ ಕೆಲಸ, ಎಷ್ಟು ಸಂಬಳ, ಎಷ್ಟು ತಿಂಗಳು ಉಳಿದರು? ಇಂಟರ್‌ವ್ಯೂಗೆ ಕಳಿಸೋದನ್ನೇ ಪ್ಲೇಸ್‌ಮೆಂಟ್ ಅನ್ನೋರಿದ್ದಾರೆ.

7. ಮಧ್ಯದಲ್ಲಿ ಬಿಟ್ಟರೆ ಫೀಸ್ ಎಷ್ಟು ವಾಪಸ್? ಬಾಯಲ್ಲಿ ಹೇಳಿದ್ದು ಬೇಡ, ಕಾಗದದಲ್ಲಿ ಕೊಡಲಿ.

ಅಂಗಡಿಯವರು ಒಂದು ಮೂಟೆ ಬೇಳೆ ಕೊಳ್ಳೋಕೂ ಹಿಡಿ ತೆಗೆದು ಅಂಗೈ ಮೇಲೆ ಹಾಕಿ ನೋಡ್ತಾರೆ. ಐದು ಲಕ್ಷದ ವಿಷಯದಲ್ಲಿ ಸಂಕೋಚ ಯಾಕೆ?

ದುಡ್ಡು ಕಟ್ಟದೆ ಮೂರು ತಿಂಗಳು

ಆಸೆ ಇದೆಯಾ, ಇದು ಒಂದು ವಾರದ ಹುಚ್ಚಾ ಅಂತ ತಿಳಿಯೋಕೆ ಕಾಲೇಜು ಬೇಡ. ಬೇಕಾದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಕದ್ದ ಕಾಪಿ ಅಲ್ಲ. ತ್ರೀಡಿಗೆ ಬ್ಲೆಂಡರ್ ಇದೆ. ಚಿತ್ರ ಬರೆಯೋಕೆ ಕ್ರಿಟಾ, ಟೂಡಿಗೆ ಓಪನ್‌ಟೂನ್ಝ್ ಇದೆ. ಬ್ಲೆಂಡರ್ ಬಡವರ ಸಾಫ್ಟ್‌ವೇರ್ ಅಂತ ನನ್ನ ಸಂಸ್ಥೆಯಲ್ಲಿ ನಗ್ತಿದ್ದರು. ಲಾಟ್ವಿಯಾ ಅನ್ನೋ ಪುಟ್ಟ ದೇಶದ ನಿರ್ದೇಶಕ ಗಿಂಟ್ಸ್ ಝಿಲ್ಬಲೋಡಿಸ್ ಅದರಲ್ಲೇ ಒಂದು ಬೆಕ್ಕಿನ ಕಥೆ ಮಾಡಿದ. ಮಾತೇ ಇಲ್ಲದ ಆ ಸಿನಿಮಾ 'ಫ್ಲೋ' 2025ರ ಮಾರ್ಚ್‌ನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದಿತು.

ಮೊದಲ ತಿಂಗಳು: ಒಂದು ನೋಟ್‌ಬುಕ್, ಪೆನ್ಸಿಲ್. ದಿನಕ್ಕೆ ಹತ್ತು ಚಿತ್ರ, ಒಂದೊಂದಕ್ಕೆ ಎರಡೇ ನಿಮಿಷ. ಬಸ್ ಕಾಯುವವರು, ಹೂ ಕಟ್ಟುವವರು, ಮಲಗಿರುವ ನಾಯಿ, ಯಾರಾದರೂ ಸರಿ. ಚೆಂದ ಬರಬೇಕಿಲ್ಲ, ಭಾರ ಯಾವ ಕಾಲಿನ ಮೇಲಿದೆ ಅನ್ನೋದು ಗೊತ್ತಾದರೆ ಸಾಕು.

ಎರಡನೇ ತಿಂಗಳು: ನೋಟ್‌ಬುಕ್ಕಿನ ಮೂಲೆಯಲ್ಲಿ ಒಂದೊಂದು ಹಾಳೆಗೆ ಒಂದು ಚಿತ್ರ ಬರೆದು, ಹಾಳೆ ಬೇಗ ಬೇಗ ತಿರುಗಿಸಿ ನೋಡಿ. ಅಥವಾ ಮೊಬೈಲ್‌ನಲ್ಲೇ ಫ್ಲಿಪಾಕ್ಲಿಪ್ ಥರದ ಆ್ಯಪ್ ಹಾಕಿಕೊಳ್ಳಿ. ತೆಂಗಿನಕಾಯಿ ಬೀಳಿಸಿ, ಗರಿ ಬೀಳಿಸಿ, ರಬ್ಬರ್ ಚೆಂಡು ಎಗರಿಸಿ. ಮೂರೂ ಬೇರೆ ಬೇರೆ ಅಂತ ಮನೆಯವರಿಗೆ ಕೇಳದೆ ಗೊತ್ತಾಗಬೇಕು.

ಮೂರನೇ ತಿಂಗಳು: ಕಂಪ್ಯೂಟರ್ ಸಿಕ್ಕರೆ ಅದೇ ಕಾಯಿಯನ್ನು ಬ್ಲೆಂಡರ್‌ನಲ್ಲಿ ಮಾಡಿ. ತ್ರೀಡಿ ಕೆಲಸ ಮುಂದುವರಿಸೋಕೆ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು, ಆದರೆ ಅದನ್ನು ಈಗಲೇ ಕೊಳ್ಳಬೇಡಿ. ಮೂರು ತಿಂಗಳಾದ ಮೇಲೂ ಮಗು ತಾನೇ ಕೂತು ಮಾಡ್ತಿದ್ದರೆ ಆಗ ಯೋಚಿಸಿ.

ಇನ್ನೊಂದು ಮಾತು ಅಂಗಡಿಯವರಿಗೆ. ನಮ್ಮೂರಲ್ಲಿ ಮದುವೆ ಕಾಗದ ಈಗ ವಾಟ್ಸಾಪ್ ವಿಡಿಯೋ ಆಗಿದೆ. ಬಟ್ಟೆ ಅಂಗಡಿ, ಬಂಗಾರದ ಅಂಗಡಿಯವರು ಹಬ್ಬಕ್ಕೆ ಸ್ಟೇಟಸ್ ಜಾಹೀರಾತು ಮಾಡಿಸ್ತಾರೆ. ಫ್ಲೆಕ್ಸ್ ಅಂಗಡಿಗಳಿಗೆ ಡಿಸೈನ್ ಮಾಡೋರು ಸಿಗ್ತಿಲ್ಲ. ಕಲೀತಿರುವ ಮಕ್ಕಳಿಗೆ ಇಂಥ 15 ಸೆಕೆಂಡಿನ ಕೆಲಸ ಕೊಡಿ, ದುಡ್ಡೂ ಕೊಡಿ. ಗಿರಾಕಿ ಹೇಳಿದ್ದನ್ನು ಹೇಳಿದ ದಿನಕ್ಕೆ ಮುಗಿಸೋದು, "ಬಣ್ಣ ಬದಲಾಯಿಸು" ಅಂದಾಗ ಮುಖ ಊದಿಸಿಕೊಳ್ಳದೆ ಬದಲಾಯಿಸೋದು, ಇದೂ ಸ್ಟುಡಿಯೋದಲ್ಲಿ ಬೇಕಾಗುವ ವಿದ್ಯೆಯೇ.

ಅಂಗಡಿ ಅಣ್ಣನ ಮಗಳು

ಇದೆಲ್ಲ ಮಾತಾಡಿ ಐದು ವಾರ ಆಯ್ತು. ಅಣ್ಣ ಇನ್ನೂ ಎಲ್ಲೂ ದುಡ್ಡು ಕಟ್ಟಿಲ್ಲ. ಏಳು ಪ್ರಶ್ನೆಗಳನ್ನು ಸಿಗರೇಟ್ ಪ್ಯಾಕಿನ ರಟ್ಟಿನ ಹಿಂದೆ ಬರೆದುಕೊಂಡು ಪಾಂಪ್ಲೆಟ್‌ನವರ ಹತ್ತಿರ ಹೋಗಿದ್ದರಂತೆ. ಎರಡನೇ ಪ್ರಶ್ನೆಗೇ "ಸಿಸ್ಟಮ್ ಸರ್ವಿಸ್‌ಗೆ ಹೋಗಿದೆ, ಆಮೇಲೆ ತೋರಿಸ್ತೀವಿ" ಅಂದರಂತೆ. ಈಗ ಮೈಸೂರಿಗೆ ಹೋಗಿ ಬಿವಿಎ ಅರ್ಜಿ ವಿಚಾರಿಸೋ ಮಾತು ನಡೀತಿದೆ. ಯುಸೀಡ್ ಮುಂದಿನ ಜನವರಿಗೆ ಬರೆಯೋಣ ಅಂತಲೂ ಹುಡುಗಿ ಹೇಳ್ತಿದ್ದಾಳೆ.

ಮೊನ್ನೆ ಅಂಗಡಿಗೆ ಹೋದಾಗ ಅವಳೇ ಗಲ್ಲಾದಲ್ಲಿ ಕೂತಿದ್ದಳು. ಸಾಲದ ಪುಸ್ತಕದ ಪಕ್ಕದಲ್ಲಿ ಚಿತ್ರದ ನೋಟ್‌ಬುಕ್. ಎರಡು ನೋಟ್‌ಬುಕ್ ತುಂಬಿವೆ. ಅಜ್ಜಿ ತೋಟದಲ್ಲಿ ಕಾಯಿ ಕೀಳೋ ದಿನ ಮೊಬೈಲ್‌ನಲ್ಲಿ ವಿಡಿಯೋ ಹಿಡಿದು, ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿ ಬರೆದಿದ್ದಾಳೆ. ಹಾಳೆ ತಿರುಗಿಸಿ ತೋರಿಸಿದಳು. ಕಾಯಿ ಮೊದಲು ತಡೆದು, ಆಮೇಲೆ ರಪ್ಪಂತ ಬಿತ್ತು.

"ಅಣ್ಣ, ಒಂದು ಡೌಟು. ಬಿದ್ದ ಮೇಲೆ ಅದು ಸುಮ್ನೆ ನಿಲ್ಲಲ್ಲ. ಚೂರು ಎಗರಿ, ತೊಟ್ಟಿನ ಕಡೆ ಹೊರಳುತ್ತೆ. ಅದನ್ನೂ ಬರೀಬೇಕಾ?"

ಬರೀಬೇಕಮ್ಮ ಅಂದೆ. ನನ್ನ ಇಂಟರ್‌ವ್ಯೂ ದಿನ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.